ಗಾಡಿಗೆ ಪಿಕಪ್ ಇಲ್ಲದಾದಾಗ



ಕಳೆದ ತಿಂಗಳು ಈ ಅಂಕಣದಲ್ಲಿ ಟೈರುಗಳ ವಿಷಯ ಬರೆದಿದ್ದೆ. ಅದನ್ನು ಓದಿದ ಜತ್ತದ ಕಿರಾಣಿ ವ್ಯಾಪಾರಸ್ಥರೊಬ್ಬರು ಕಾಗದ ಬರೆದಿದ್ದಾರೆ. ಅವರದು ಎಂಟು ವರ್ಷದ ಪೆಟ್ರೋಲ್ ಕಾರು. ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗುತ್ತದೆ, ಪೇಟೆಯಲ್ಲಿ ತಕರಾರಿಲ್ಲದೆ ಓಡುತ್ತದೆ. ದೊಡ್ಡ ರಸ್ತೆಗೆ ಬಂದು ಎಕ್ಸಲರೇಟರ್ ತುಳಿದರೆ ಎಂಜಿನ್ ಭೋರೆಂದು ಸದ್ದು ಮಾಡುತ್ತದೆ, ಮೀಟರಿನ ಮುಳ್ಳು ಮೇಲೇರುತ್ತದೆ, ಆದರೆ ಗಾಡಿ ಮಾತ್ರ ಅಷ್ಟರಮಟ್ಟಿಗೆ ಮುಂದೆ ಹೋಗುವುದಿಲ್ಲ. ಒಂದು ಗ್ಯಾರೇಜಿನವರು ಪ್ಲಗ್ ಬದಲಿಸಿ ಎಂದರಂತೆ, ಇನ್ನೊಬ್ಬರು ಪೆಟ್ರೋಲ್ ಪಂಪ್ ಎಂದರಂತೆ. "ಯಾರ ಮಾತು ನಂಬಲಿ?" ಎಂದು ಕೇಳಿದ್ದಾರೆ.

ನಾನು ಮೆಟ್ರಿಕ್ ಓದಿದವನು, ಎಂಜಿನಿಯರ್ ಅಲ್ಲ. ಅಡತಿ ಅಂಗಡಿಯಲ್ಲಿ ನಲವತ್ತು ವರ್ಷ ತೊಗರಿ, ಕಡಲೆ ತೂಗಿಸಿದವನು. ಆದರೆ ಗಾಡಿಗೆ ಪಿಕಪ್ ಹೋಗುವ ರೋಗದ ಬಗ್ಗೆ 51,000 ರೂಪಾಯಿ ಕೊಟ್ಟು ಪಾಠ ಕಲಿತಿದ್ದೇನೆ. ಆ ಪಾಠವನ್ನು ಈ ಸಲ ತಮಗೆ ಪುಕ್ಕಟೆಯಾಗಿ ಒಪ್ಪಿಸುತ್ತೇನೆ.

ಕಬ್ಬಿನ ಟ್ರಾಕ್ಟರಿನ ಪಕ್ಕದಲ್ಲಿ

2023ರ ಡಿಸೆಂಬರ್ ತಿಂಗಳು. ಕಬ್ಬಿನ ಸುಗ್ಗಿ ಭರದಲ್ಲಿತ್ತು. ಅಕ್ಕಲಕೋಟೆಯಿಂದ ಮೈಂದರ್ಗಿ ದಾಟಿ ದುಧನಿಯ ಕಡೆಗೆ ನಾನೇ ಗಾಡಿ ನಡೆಸಿಕೊಂಡು ಹೊರಟಿದ್ದೆ. ಪಕ್ಕದಲ್ಲಿ ನಮ್ಮ ಮನೆಯವರು, ಹಿಂದೆ ಸೊಸೆ ಮತ್ತು ಇಬ್ಬರು ಮೊಮ್ಮಕ್ಕಳು. ಮುಂದೆ ಎರಡು ಟ್ರೇಲರ್ ಕಟ್ಟಿದ ಕಬ್ಬಿನ ಟ್ರಾಕ್ಟರ್ ಹೋಗುತ್ತಿತ್ತು. ಎದುರಿನ ರಸ್ತೆ ಖಾಲಿ ಕಂಡಿತು. ನೂರಾರು ಸಲ ಮಾಡಿದ ಕೆಲಸವೇ. ಗೇರ್ ಇಳಿಸಿ, ಹಾರ್ನ್ ಹೊಡೆದು, ಬಲಕ್ಕೆ ತೆಗೆದುಕೊಂಡೆ.

ಎರಡನೆಯ ಟ್ರೇಲರಿನ ಪಕ್ಕಕ್ಕೆ ಬರುವಷ್ಟರಲ್ಲಿ ಗಾಡಿಯ ಉಸಿರು ಕಟ್ಟಿದಂತಾಯಿತು. ಪೂರ್ತಿ ತುಳಿದರೂ ಅರವತ್ತರ ಮೇಲೆ ಮುಳ್ಳು ಅಲುಗಲಿಲ್ಲ. ಅಷ್ಟರಲ್ಲಿ ತಿರುವಿನಿಂದ ಎದುರಿಗೆ ಲಾರಿ ಬಂತು. ಮುಂದೆ ಹೋಗುವ ಶಕ್ತಿ ಇಲ್ಲ, ಎಡಕ್ಕೆ ಸರಿಯಲು ಜಾಗ ಇಲ್ಲ. ಬ್ರೇಕ್ ಹಾಕಿ ಟ್ರೇಲರಿನ ಹಿಂದಕ್ಕೆ ಸೇರಿಕೊಂಡಾಗ ಲಾರಿ ನಮ್ಮ ಕನ್ನಡಿಯ ಪಕ್ಕದಲ್ಲೇ ಹಾದು ಹೋಯಿತು. ಮಕ್ಕಳಿಗೆ ಏನಾಯಿತೆಂದು ತಿಳಿಯಲೂ ಇಲ್ಲ. ನಮ್ಮ ಮನೆಯವರು ದಾರಿಯುದ್ದಕ್ಕೂ ಒಂದು ಮಾತನ್ನೂ ಆಡಲಿಲ್ಲ. ಮನೆಗೆ ಬಂದ ಮೇಲೆ ಹೇಳಿದರು: "ಇದಕ್ಕ ಏನಾಗೇದ ಅಂತ ಗೊತ್ತಾಗೂತನಕ ಮಕ್ಕಳನ್ನ ಇದರಾಗ ಕೂಡಸಬ್ಯಾಡ್ರಿ."

ಪಿಕಪ್ ಎಂದರೆ ಹುಡುಗರ ಶೋಕಿ ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಎರಡು ದಾರಿಯ ರಸ್ತೆಯಲ್ಲಿ ಅದು ಬ್ರೇಕಿನಷ್ಟೇ ಮುಖ್ಯ ಎಂಬುದು ಆ ದಿನ ತಿಳಿಯಿತು. ಆದ್ದರಿಂದ ಮೊದಲನೆಯ ಮಾತು: ಗಾಡಿ ಎಳೆಯುತ್ತಿಲ್ಲ ಎಂಬ ಅನುಮಾನ ಬಂದ ದಿನದಿಂದ, ಕಾರಣ ತಿಳಿಯುವವರೆಗೆ, ಓವರ್‌ಟೇಕ್ ಮಾಡಬೇಡಿ. ಟ್ರಾಕ್ಟರಿನ ಹಿಂದೆ ಹತ್ತು ನಿಮಿಷ ತಡವಾದರೆ ವ್ಯಾಪಾರ ಮುಳುಗುವುದಿಲ್ಲ.

ಎಂಜಿನ್ನಿನ ನಾಲ್ಕು ಬೇಡಿಕೆ

ಎಂಜಿನ್ನಿಗೆ ಬೇಕಾದುದು ನಾಲ್ಕೇ: ಒಳಗೆ ಬರಲು ಗಾಳಿ, ಸರಿಯಾದ ಅಳತೆಯ ಇಂಧನ, ಸರಿಯಾದ ಹೊತ್ತಿಗೆ ಕಿಡಿ, ಸುಟ್ಟ ಹೊಗೆ ಹೊರಗೆ ಹೋಗಲು ದಾರಿ. ಡೀಸೆಲ್ ಗಾಡಿಗೆ ಕಿಡಿಯ ಅಗತ್ಯವಿಲ್ಲ, ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಈ ನಾಲ್ಕರಲ್ಲಿ ಒಂದು ಕಡಿಮೆಯಾದರೂ ಶಕ್ತಿ ಇಳಿಯುತ್ತದೆ. ಇನ್ನೊಂದು ಬಗೆಯೂ ಉಂಟು. ಎಂಜಿನ್ ಗಟ್ಟಿಯಾಗಿರುತ್ತದೆ, ಆದರೆ ಅದರ ಶಕ್ತಿ ಗಾಲಿಗೆ ಮುಟ್ಟುವುದಿಲ್ಲ ಅಥವಾ ಗಾಲಿಯನ್ನು ಯಾವುದೋ ಹಿಡಿದಿಟ್ಟಿರುತ್ತದೆ. ಪರೀಕ್ಷೆಯನ್ನು ಯಾವಾಗಲೂ ಖರ್ಚಿಲ್ಲದ ಕಡೆಯಿಂದ ಆರಂಭಿಸಬೇಕು. ಅದೇ ಕ್ರಮದಲ್ಲಿ ಹೇಳುತ್ತೇನೆ.

ಕಾಸಿಲ್ಲದ ಪರೀಕ್ಷೆಗಳು

ಮೊದಲು ಕಾಲ ಕೆಳಗಿನ ಮ್ಯಾಟ್ ನೋಡಿ. ದಪ್ಪ ಮ್ಯಾಟ್ ಮಡಚಿಕೊಂಡು ಎಕ್ಸಲರೇಟರಿನ ಕೆಳಗೆ ಸೇರಿದರೆ ಪೆಡಲ್ ಪೂರ್ತಿ ಇಳಿಯುವುದಿಲ್ಲ. ನಗಬೇಡಿ, ಇದು ನಿಜವಾಗಿ ಆಗುವ ಸಂಗತಿ. ಅದೇ ಮ್ಯಾಟ್ ಪೆಡಲನ್ನು ಒತ್ತಿ ಹಿಡಿದರೆ ಅಪಘಾತಕ್ಕೂ ದಾರಿ.

ಎರಡನೆಯದು ಬ್ರೇಕ್ ಜಾಮ್. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ. ಸಮನಾದ ನೆಲದ ಮೇಲೆ ಗಾಡಿ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು, ಇಬ್ಬರು ನೂಕಿದರೆ ಸಣ್ಣ ಕಾರು ಸುಲಭವಾಗಿ ಉರುಳಬೇಕು. ಐದಾರು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಗಾಲಿಯ ಹತ್ತಿರ ಅಂಗೈ ಹಿಡಿದು ಶಾಖ ಹೋಲಿಸಿ. ಮುಟ್ಟಬೇಡಿ, ಸುಟ್ಟೀತು. ಮುಂದಿನ ಎರಡು ಅಥವಾ ಹಿಂದಿನ ಎರಡು ಗಾಲಿಗಳಲ್ಲಿ ಒಂದು ಮಾತ್ರ ಬಹಳ ಬಿಸಿಯಾಗಿದ್ದು ಸುಟ್ಟ ವಾಸನೆ ಬಂದರೆ ಆ ಬ್ರೇಕು ಹಿಡಿದುಕೊಂಡಿದೆ. ಟೈರಿನ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿ.

ಮೂರನೆಯದು ಕ್ಲಚ್. ಖಾಲಿ ರಸ್ತೆಯಲ್ಲಿ, ಸ್ವಲ್ಪ ಏರು ಇದ್ದರೆ ಒಳ್ಳೆಯದು, ನಾಲ್ಕನೆಯ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಎಕ್ಸಲರೇಟರ್ ತುಳಿಯಿರಿ. ಎಂಜಿನ್ನಿನ ಸದ್ದೂ ಮೀಟರಿನ ಮುಳ್ಳೂ ಸರ್ರನೆ ಏರಿ, ಗಾಡಿಯ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅಂಥ ಗಾಡಿಗೆ ಹೊಸ ಪ್ಲಗ್ಗಾಗಲಿ ಪಂಪಾಗಲಿ ಏನೂ ಮಾಡಲಾರವು. ಸದ್ದೂ ಏರದೆ ವೇಗವೂ ಏರದೆ ಗಾಡಿ ಮುಗ್ಗರಿಸಿದರೆ ದೋಷ ಎಂಜಿನ್ನಿನ ಕಡೆಗಿದೆ. ಈ ಒಂದು ಪರೀಕ್ಷೆಯಿಂದಲೇ ಅರ್ಧ ದಾರಿ ಸಾಗಿದಂತೆ.

ನಾಲ್ಕನೆಯದು ಸಿಎನ್‌ಜಿ ಇದ್ದವರಿಗೆ. ಗ್ಯಾಸು ಎಂಜಿನ್ನಿನೊಳಗೆ ಗಾಳಿಯ ಜಾಗ ಹಿಡಿಯುವುದರಿಂದ, ಅದರ ಮೇಲೆ ಓಡುವಾಗ ಶಕ್ತಿ ಸುಮಾರು ಹತ್ತನೆಯ ಒಂದು ಪಾಲು ಕಡಿಮೆಯಾಗುವುದು ಸಹಜ. ಅದಕ್ಕಿಂತ ಹೆಚ್ಚು ಕಡಿಮೆ ಎನಿಸಿದರೆ ಪೆಟ್ರೋಲಿಗೆ ಹಾಕಿ ಓಡಿಸಿ ನೋಡಿ. ಪೆಟ್ರೋಲಿನಲ್ಲಿ ಚೆನ್ನಾಗಿ ಎಳೆದರೆ ದೋಷ ಗ್ಯಾಸಿನ ಸಾಮಾನಿನಲ್ಲಿ. ಎರಡರಲ್ಲೂ ಎಳೆಯದಿದ್ದರೆ ದೋಷ ಎರಡಕ್ಕೂ ಸಾಮಾನ್ಯವಾದ ಗಾಳಿ, ಕಿಡಿ ಅಥವಾ ಹೊಗೆಯ ದಾರಿಯಲ್ಲಿರುವುದೇ ಹೆಚ್ಚು.

ಗಾಳಿ

ಒಂದು ತೂಕ ಪೆಟ್ರೋಲ್ ಪೂರ್ತಿ ಸುಡಲು ಸುಮಾರು 14.7 ತೂಕ ಗಾಳಿ ಬೇಕು. ಲೆಕ್ಕ ಹಾಕಿದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿಯಾಗುತ್ತದೆ. ಅಷ್ಟೂ ಗಾಳಿ ಒಂದು ಕಾಗದದ ಫಿಲ್ಟರಿನ ಮೂಲಕ ಹೋಗಬೇಕು. ನಮ್ಮ ಕಡೆಯ ಕೆಂಪು-ಕರಿ ಧೂಳು, ಧಾನ್ಯದ ಪೇಟೆಯ ಹೊಟ್ಟು, ಎಲ್ಲವೂ ಅಲ್ಲಿಯೇ ನಿಲ್ಲುತ್ತವೆ. ಗೋದಾಮಿನ ಮುಂದೆ ಗಾಡಿ ನಿಲ್ಲಿಸುವವರು ಇನ್ನೊಂದು ನೋಡಬೇಕು: ಇಲಿ ಆ ಡಬ್ಬಿಯಲ್ಲಿ ಗೂಡು ಕಟ್ಟಿರುತ್ತದೆ. ಡಬ್ಬಿ ತೆಗೆಯುವುದು ಹೆಚ್ಚಿನ ಗಾಡಿಗಳಲ್ಲಿ ಕೆಲವು ಕ್ಲಿಪ್ಪುಗಳ ಕೆಲಸ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಕೊಳೆಯಾಗಿದ್ದರೆ ಬದಲಿಸಿ. ಗಾಡಿಯ ಎಲ್ಲ ಸಾಮಾನುಗಳಲ್ಲಿ ಅಗ್ಗದವುಗಳ ಪೈಕಿ ಅದೂ ಒಂದು.

ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಗಾಳಿಯನ್ನು ಒತ್ತಿ ಕಳಿಸುವ ದಪ್ಪ ರಬ್ಬರ್ ಪೈಪು ಸೀಳಿದರೂ ಪಿಕಪ್ ಒಮ್ಮೆಲೇ ಬಿದ್ದುಹೋಗುತ್ತದೆ. ತುಳಿದಾಗ ಸುಸ್ ಎಂಬ ಸದ್ದು ಅದರ ಗುರುತು. ಹಳೆಯ ಗಾಡಿಯಾದರೆ ಕರಿ ಹೊಗೆಯೂ ಬರುತ್ತದೆ.

ಇಂಧನ

ಡೀಸೆಲ್ ಗಾಡಿಯ ಫಿಲ್ಟರಿನಲ್ಲಿ ನೀರು ಸೇರುತ್ತದೆ, ಅದನ್ನು ಕಾಲಕಾಲಕ್ಕೆ ತೆಗೆಸಬೇಕು. ಪೆಟ್ರೋಲ್ ಗಾಡಿಯ ಪಂಪು ಟ್ಯಾಂಕಿನೊಳಗೇ ಇದ್ದು, ಸುತ್ತಲಿನ ಪೆಟ್ರೋಲಿನಿಂದಲೇ ತಣ್ಣಗಿರುತ್ತದೆ. ಸದಾ ರಿಸರ್ವ್‌ನಲ್ಲಿ ಓಡಿಸಿ, ನೂರು-ಇನ್ನೂರು ರೂಪಾಯಿಯ ಪೆಟ್ರೋಲ್ ಹಾಕಿಸುವ ರೂಢಿ ಪಂಪಿನ ಆಯುಷ್ಯಕ್ಕೆ ಒಳ್ಳೆಯದಲ್ಲ. ಕಾಲು ಟ್ಯಾಂಕಿನ ಕೆಳಗೆ ಇಳಿಯಗೊಡಬೇಡಿ.

"ಎಲ್ಲಾ ಎಥೆನಾಲಿನ ಕೆಲಸ" ಎಂದು ಕಟ್ಟೆಯ ಮೇಲೆ ಕುಳಿತವರು ಹೇಳುವುದನ್ನು ಕೇಳಿದ್ದೀರಿ. ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಬೆರೆಸುವ ಗುರಿಯನ್ನು ನಮ್ಮ ದೇಶ 2025ರಲ್ಲಿ ಮುಟ್ಟಿತು. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಐದರಲ್ಲಿ ಒಂದು ಪಾಲು ಬೆರೆತಾಗ ಒಟ್ಟು ಕೊರತೆ ಲೀಟರಿಗೆ ಆರೇಳು ಶೇಕಡಾ. ಅದು ಮೈಲೇಜಿನ ಲೆಕ್ಕದಲ್ಲಿ ಕಾಣಬಹುದು. ಹಳೆಯ ಗಾಡಿಯ ರಬ್ಬರ್ ಸಾಮಾನುಗಳನ್ನೂ ಒಮ್ಮೆ ತೋರಿಸುವುದು ಒಳ್ಳೆಯದು. ಆದರೆ ಗಾಡಿ ಅರವತ್ತರ ಮೇಲೆ ಏರದಿದ್ದರೆ ಎಥೆನಾಲನ್ನು ದೂರುತ್ತಾ ಕೂಡಬೇಡಿ. ನಿಜವಾದ ರೋಗ ಬೇರೆ ಇದೆ.

ಕಿಡಿ, ಮತ್ತು ನಾನು ಮಾಡಿದ ತಪ್ಪು

ಪ್ಲಗ್ಗೋ ಅದಕ್ಕೆ ಕರೆಂಟ್ ಕೊಡುವ ಕಾಯಿಲೋ ಕೆಟ್ಟರೆ ಒಂದು ಸಿಲಿಂಡರ್ ಕೆಲಸ ಬಿಡುತ್ತದೆ. ಮಿಸ್ತ್ರಿಗಳು ಇದಕ್ಕೆ ಮಿಸ್ಸಿಂಗ್ ಎನ್ನುತ್ತಾರೆ. ನಿಂತಲ್ಲೇ ಗಾಡಿ ಗಡಗಡ ನಡುಗುತ್ತದೆ, ಮೀಟರಿನಲ್ಲಿ ಎಂಜಿನ್ನಿನ ಚಿತ್ರದ ಹಳದಿ ದೀಪ ಹತ್ತುತ್ತದೆ. ಈ ದೀಪದ ಭಾಷೆಯನ್ನು ಮನೆಯಲ್ಲಿ ಗಾಡಿ ನಡೆಸುವವರೆಲ್ಲರೂ ಕಲಿತಿರಬೇಕು. ದೀಪ ಸುಮ್ಮನೆ ಹತ್ತಿದ್ದರೆ ತಡಮಾಡದೆ ಗ್ಯಾರೇಜಿಗೆ ತೋರಿಸಿ. ಮಿಣುಕುತ್ತಿದ್ದರೆ ತಕ್ಷಣ ವೇಗ ಇಳಿಸಿ, ಸಾಧ್ಯವಾದರೆ ನಿಲ್ಲಿಸಿ.

2015ರಲ್ಲಿ ಕೊಂಡ ನಮ್ಮ ಪೆಟ್ರೋಲ್ ಗಾಡಿಯಲ್ಲಿ 2023ರ ಗಣೇಶನ ಹಬ್ಬದ ಹೊತ್ತಿಗೆ ಈ ದೀಪ ಮಿಣುಕತೊಡಗಿತು. ಗ್ಯಾರೇಜಿನವನು ಕಾಯಿಲ್ ಹೋಗಿದೆ, 2,300 ರೂಪಾಯಿ ಎಂದ. "ಓಡತೇತಲ್ಲಪಾ, ದೀಪಾವಳಿ ಆಗಲಿ ನೋಡೋಣ" ಎಂದೆ. ಎರಡು ತಿಂಗಳು ನಡುಗುವ ಗಾಡಿಯಲ್ಲೇ ಓಡಾಡಿದೆ. ದೀಪಾವಳಿಯ ನಂತರ ಕಾಯಿಲ್ ಹಾಕಿಸಿದೆ, ನಡುಕ ನಿಂತಿತು, ದೀಪ ಆರಿತು. ವ್ಯವಹಾರ ಚುಕ್ತಾ ಆಯಿತೆಂದು ತಿಳಿದೆ.

ಮೂರು ವಾರದ ಮೇಲೆ ಕಬ್ಬಿನ ಟ್ರಾಕ್ಟರಿನ ಪ್ರಸಂಗ ನಡೆಯಿತು. ಆ ಮೇಲೆ ಊಹೆಯ ವೈದ್ಯ ಶುರುವಾಯಿತು. ಪ್ಲಗ್ಗುಗಳಿಗೆ 1,600, ಇಂಜೆಕ್ಟರ್ ತೊಳೆಯಲು 2,200, ಹೊಸ ಪಂಪಿಗೆ 8,400. ಪ್ರತಿ ಸಲವೂ "ಈಗ ಸರಿ ಆತ್ರಿ" ಎನ್ನುತ್ತಿದ್ದರು. ಗಾಡಿ ಮಾತ್ರ ಅರವತ್ತಕ್ಕೇ ನಿಲ್ಲುತ್ತಿತ್ತು. ಅವರ ಮೇಲೆ ನನ್ನ ಆರೋಪವಿಲ್ಲ. ಸ್ಕ್ಯಾನರ್ ಹಚ್ಚಿ ನೋಡಿದರು, ಅದು ಯಾವ ದೋಷವನ್ನೂ ತೋರಿಸಲಿಲ್ಲ. ಸ್ಕ್ಯಾನರು ಸೆನ್ಸರುಗಳಿಂದ ತಿಳಿದುದನ್ನಷ್ಟೇ ಹೇಳುತ್ತದೆ. ಉಳಿದುದನ್ನು ಮನುಷ್ಯನೇ ಹುಡುಕಬೇಕು.

ಹೊಗೆಯ ದಾರಿ

ಕೊನೆಗೆ ಬೀಗರ ಮಾತು ಕೇಳಿ ಸೋಲಾಪುರದ ಹಿರಿಯ ಮಿಸ್ತ್ರಿಯೊಬ್ಬರ ಕಡೆಗೆ ಒಯ್ದೆ. ಅವರು ಬಾನೆಟ್ ತೆಗೆಯುವ ಮೊದಲು ನನ್ನನ್ನು ಕೂರಿಸಿಕೊಂಡು ಕೇಳಿದರು: "ಸಾವಕಾರ್ರ, ಇದು ಹಿಂಗಾಗೂ ಮೊದಲ ಏನೇನಾಗಿತ್ತು ಹೇಳ್ರಿ." ಕಾಯಿಲಿನ ಕಥೆ ಹೇಳಿದೆ. ಎಷ್ಟು ದಿನ ಹಾಗೆ ಓಡಿಸಿದೆನೆಂದು ಕೇಳಿದರು. ಎರಡು ತಿಂಗಳು ಎಂದೆ. ಅವರು ಎದ್ದು ಗಾಡಿಯ ಹಿಂದಕ್ಕೆ ಹೋದರು.

ಹುಡುಗನಿಗೆ ರೇಸ್ ಮಾಡಲು ಹೇಳಿ, ಸೈಲೆನ್ಸರಿನ ಬಾಯಿಯಿಂದ ಒಂದು ಗೇಣು ದೂರ ಅಂಗೈ ಹಿಡಿದರು. ಎಂಜಿನ್ ಜೋರಾದಂತೆ ಹೊಗೆಯ ರಭಸವೂ ಜೋರಾಗಬೇಕು. ನಮ್ಮದರಲ್ಲಿ ಸಪ್ಪೆಯಾಗಿ ಬರುತ್ತಿತ್ತು. "ಇದರ ಮೂಗು ಸರಿ ಐತ್ರಿ, ಹಿಂದಿನ ದಾರಿ ಕಟ್ಟೇತಿ" ಎಂದರು. ಅಷ್ಟಕ್ಕೇ ಬಿಲ್ ಬರೆಯಲಿಲ್ಲ. ಎಂಜಿನ್ನಿನಿಂದ ಹೊಗೆ ಹೊರಡುವ ಪೈಪಿನಲ್ಲಿದ್ದ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಒತ್ತಡ ಅಳೆಯುವ ಗೇಜ್ ಹಾಕಿದರು. ಚೆನ್ನಾಗಿರುವ ಗಾಡಿಯಲ್ಲಿ ಎಂಜಿನ್ 2,500 ಸುತ್ತಿನಲ್ಲಿದ್ದಾಗ ಇದು 3 ಪಿಎಸ್‌ಐ ಒಳಗಿರಬೇಕು ಎಂದರು. ನಮ್ಮದರಲ್ಲಿ ಮುಳ್ಳು 9ಕ್ಕೆ ಹೋಗಿ ನಿಂತಿತು.

ಪೆಟ್ರೋಲ್ ಗಾಡಿಯ ಹೊಗೆಯ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಇರುತ್ತದೆ. ನಮ್ಮ ದೇಶದಲ್ಲಿ ಮೊದಲು ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳ ಹೊಸ ಕಾರುಗಳಿಗೆ 1995ರ ಏಪ್ರಿಲ್‌ನಿಂದ ಇದು ಕಡ್ಡಾಯವಾಯಿತು. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ತೂತುಗಳ ಪಿಂಗಾಣಿ, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಲೇಪ. ವಿಷದ ಹೊಗೆಯನ್ನು ಶುದ್ಧಮಾಡುವುದು ಅದರ ಕೆಲಸ. ಮಿಸ್ಸಿಂಗ್ ಇರುವ ಸಿಲಿಂಡರಿನಿಂದ ಸುಡದ ಪೆಟ್ರೋಲ್ ನೇರವಾಗಿ ಈ ಡಬ್ಬಿಗೆ ಬಂದು ಅಲ್ಲಿ ಉರಿಯುತ್ತದೆ. ಆ ಬಿಸಿಗೆ ಪಿಂಗಾಣಿ ಕರಗಿ ತೂತುಗಳು ಮುಚ್ಚಿಹೋಗುತ್ತವೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಒಳಗೆ ಜಾಗವೆಲ್ಲಿ? ನಿಧಾನ ಓಡುವಾಗ ಹೊಗೆ ಕಡಿಮೆ ಇರುವುದರಿಂದ ರೋಗ ಕಾಣುವುದಿಲ್ಲ, ವೇಗ ಬೇಕಾದಾಗ ಉಸಿರು ಕಟ್ಟುತ್ತದೆ. ಡಬ್ಬಿ ಬಿಚ್ಚಿ ತೋರಿಸಿದರು. ಜೇನುಹುಟ್ಟಿನ ಅರ್ಧ ಭಾಗ ಗಾಜಿನಂತೆ ಕರಗಿ ಕೂತಿತ್ತು.

ಮಗ್ಗುಲಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕ್, 1,500 ಕೊಟ್ಟರೆ ಒಳಗಿನದನ್ನು ಒಡೆದು ಖಾಲಿ ಮಾಡಿಕೊಡುತ್ತೇನೆ ಎಂದ. ಆಸೆ ಆಗಲಿಲ್ಲ ಎಂದರೆ ಸುಳ್ಳಾದೀತು. ಹಿರಿಯ ಮಿಸ್ತ್ರಿ ಅಂದರು: "ಹಂಗ ಮಾಡಿದ್ರ ಗಾಡಿ ಓಡತೇತ್ರಿ. ಆದರ ಆ ಹೊಗಿ ಕುಡಿಯೋರು ನಿಮ್ಮ ಓಣಿ ಹುಡುಗ್ರ." ಅದು ಕಾನೂನಿಗೂ ವಿರೋಧ, ಹೊಗೆ ತಪಾಸಣೆಯ ಸರ್ಟಿಫಿಕೇಟಿಗೂ ತೊಂದರೆ. 36,500 ಕೊಟ್ಟು ಹೊಸದು ಹಾಕಿಸಿದೆ. ತಾವು ಎಂದಾದರೂ ಇದನ್ನು ಬದಲಿಸಿದರೆ ಹಳೆಯ ಡಬ್ಬಿಯನ್ನು ಕೇಳಿ ಪಡೆಯಿರಿ. ಅದರೊಳಗಿನ ಲೋಹಕ್ಕೆ ಬೆಲೆ ಇದೆ, ಗುಜರಿಯವರು ಅದನ್ನು ಬರಿ ಕಬ್ಬಿಣದ ದರಕ್ಕೆ ಕೇಳುತ್ತಾರೆ.

ಡೀಸೆಲ್ ಗಾಡಿಯವರಿಗೆ ಒಂದು ಮಾತು

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ನಿಯಮ ಬಂದ ಮೇಲೆ, ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಎಂದು ಅದರ ಹೆಸರು. ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿ ಬಿಸಿಯಾದಾಗ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಮನೆಯಿಂದ ಅಂಗಡಿಗೆ ಎರಡು ಕಿಲೋಮೀಟರ್, ಅಂಗಡಿಯಿಂದ ಮನೆಗೆ ಎರಡು ಕಿಲೋಮೀಟರ್ ಓಡಿಸುವವರ ಗಾಡಿಯಲ್ಲಿ ಸುಡುವ ಅವಕಾಶವೇ ಬರುವುದಿಲ್ಲ. ಮಸಿ ತುಂಬಿದಾಗ ದೀಪ ಹತ್ತುತ್ತದೆ. ಅದನ್ನೂ ಅಲಕ್ಷಿಸಿದರೆ ಗಾಡಿಯ ಕಂಪ್ಯೂಟರೇ ಎಂಜಿನ್ನಿಗೆ ಕಡಿವಾಣ ಹಾಕಿ ಕುಂಟಿಸಿಕೊಂಡು ಓಡಿಸುತ್ತದೆ. ಅಂಥವರು ಆಗಾಗ ದೊಡ್ಡ ರಸ್ತೆಗೆ ಹೋಗಿ ಅರ್ಧ ಗಂಟೆ ಒಂದೇ ಸಮನೆ ಓಡಿಸಿ ಬರಬೇಕು. ದೀಪ ಹತ್ತಿದಾಗ ಏನು ಮಾಡಬೇಕೆಂಬುದನ್ನು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತಾರೆ. ದಿನವೂ ಪೇಟೆಯೊಳಗಷ್ಟೇ ಓಡಾಡುವ ಮನೆಗೆ ಪೆಟ್ರೋಲ್ ಗಾಡಿಯೇ ಮೇಲು.

ಜಮಾ-ಖರ್ಚು

ಕೀರ್ದಿಯಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ. ಕಾಯಿಲ್ 2,300. ಊಹೆಯ ವೈದ್ಯಕ್ಕೆ 12,200. ಕನ್ವರ್ಟರ್ 36,500. ಒಟ್ಟು 51,000. ಗಣೇಶನ ಹಬ್ಬದ ದಿನವೇ 2,300 ಕೊಟ್ಟಿದ್ದರೆ ಉಳಿದ 48,700 ಖರ್ಚೇ ಬರುತ್ತಿರಲಿಲ್ಲ. ಉದ್ರಿ ವಸೂಲಿಯಲ್ಲಿ ಒಂದು ದಿನ ತಡಮಾಡದ ನಾನು ಗಾಡಿಯ ಬಾಕಿಯನ್ನು ಎರಡು ತಿಂಗಳು ಬೆಳೆಸಿದೆ. ಹಣ ಹೋದದ್ದಕ್ಕಿಂತ, ಆ ಬಡ್ಡಿಯನ್ನು ರಸ್ತೆಯ ಮೇಲೆ ಮೊಮ್ಮಕ್ಕಳು ತೆರಬೇಕಾಗುತ್ತಿತ್ತಲ್ಲ ಎಂಬುದು ಈಗಲೂ ನಿದ್ದೆಯಲ್ಲಿ ಕಾಡುತ್ತದೆ.

ಆದ್ದರಿಂದ ಗ್ಯಾರೇಜಿಗೆ ಹೋಗುವಾಗ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ: ದೋಷ ಯಾವಾಗ ಶುರುವಾಯಿತು, ಅದಕ್ಕೂ ಮೊದಲು ಏನು ಕೆಟ್ಟಿತ್ತು, ಯಾವ ವೇಗದಲ್ಲಿ ಕಾಣುತ್ತದೆ, ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಯಾವ ದೀಪ ಹತ್ತಿತ್ತು. ಸಾಮಾನು ಬದಲಿಸುವ ಮೊದಲು "ಇದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ತಿಳಿಯಿತು?" ಎಂದು ವಿನಯದಿಂದ ಕೇಳಿರಿ. ಬಲ್ಲ ಮಿಸ್ತ್ರಿ ಸಿಟ್ಟಾಗುವುದಿಲ್ಲ, ಕರೆದು ತೋರಿಸುತ್ತಾನೆ.

ಇನ್ನು ಜತ್ತದ ಬಂಧುಗಳಿಗೆ. ನನ್ನ ಕಥೆ ಓದಿ ತಾವು ಕನ್ವರ್ಟರ್ ಬದಲಿಸಲು ಹೊರಡಬೇಡಿ. ತಮ್ಮ ಕಾಗದದಲ್ಲಿ ಮುಳ್ಳು ಏರುತ್ತದೆ, ಗಾಡಿ ಏರುವುದಿಲ್ಲ ಎಂದು ಬರೆದಿದ್ದೀರಿ. ನನ್ನ ಗಾಡಿಯಲ್ಲಿ ಮುಳ್ಳೂ ಏರುತ್ತಿರಲಿಲ್ಲ. ಪ್ಲಗ್ಗಿಗೂ ಪಂಪಿಗೂ ಹಣ ಕೊಡುವ ಮೊದಲು ಮೇಲೆ ಹೇಳಿದ ನಾಲ್ಕನೆಯ ಗೇರಿನ ಪರೀಕ್ಷೆ ಮಾಡಿ ನೋಡಿ. ತಮ್ಮದು ಕ್ಲಚ್ ಪ್ಲೇಟಿನ ದೋಷವೆಂದೇ ನನಗೆ ಅನುಮಾನ. ಏನಾಯಿತೆಂದು ತಪ್ಪದೆ ಕಾಗದ ಬರೆಯಿರಿ, ಉಳಿದ ಓದುಗರಿಗೂ ತಿಳಿಸೋಣ.

ಮುಂದಿನ ತಿಂಗಳು ಬೇಸಿಗೆಯಲ್ಲಿ ಎಂಜಿನ್ ಕಾಯುವುದರ ಬಗ್ಗೆ ಬರೆಯುತ್ತೇನೆ. ಅಲ್ಲಿಯವರೆಗೆ ಹಳದಿ ದೀಪದ ಮೇಲೆ ಕಣ್ಣಿರಲಿ.